ಕರ್ನಲ್ ಕೋಡ್‌ನಲ್ಲಿ ಸ್ಟ್ರಿಂಗ್ ಒಡೆಯುವುದು ಮತ್ತು ಮೆಮೊರಿ ನಿರ್ವಹಣೆ: ಹಳೆಯ ಕೋಡನ್ನು ರಿಫ್ಯಾಕ್ಟರ್ ಮಾಡುವ ಸಮಗ್ರ ಮಾರ್ಗದರ್ಶಿ

ಕರ್ನಲ್ ಒಳಗೆ ಸ್ಟ್ರಿಂಗ್ ಒಡೆಯುವ ಕೋಡ್ ಎಲ್ಲ ಕಡೆ ಇದೆ. ಬೂಟ್ ಆಪ್ಷನ್‌ಗಳು, ಮೌಂಟ್ ಆಪ್ಷನ್‌ಗಳು, ಸಿಸ್‌ಎಫ್‌ಎಸ್ (ಡ್ರೈವರ್ ಸೆಟ್ಟಿಂಗ್‌ಗಳನ್ನು ಫೈಲ್‌ಗಳಂತೆ ತೋರಿಸುವ ವ್ಯವಸ್ಥೆ) ಫೈಲಿಗೆ ಬರೆದ ಒಂದು ಸಾಲು, ಡೀಬಗ್‌ಎಫ್‌ಎಸ್‌ಗೆ (ಡೀಬಗ್ ಮಾಡಲೆಂದೇ ಇರುವ ಅಂಥದೇ ವ್ಯವಸ್ಥೆಗೆ) ಕೊಟ್ಟ ಕಮಾಂಡ್. ಅಷ್ಟೇ ಯಾಕೆ, ನೀವು ತೆರೆಯುವ ಪ್ರತಿ ಫೈಲಿನ ಪಾತ್ ಕೂಡ ಒಳಗೆ ಚೂರಾಗಲೇಬೇಕು. ಈ ಕೋಡ್‌ನಲ್ಲಿ ಬಹಳಷ್ಟು ಹಳೆಯದು, ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಬರೆದದ್ದು. ಅದನ್ನು ರಿಫ್ಯಾಕ್ಟರ್ ಮಾಡಲು, ಅಂದರೆ ಹೊರಗಿನ ನಡವಳಿಕೆ ಬದಲಿಸದೆ ಒಳಗಿನ ರಚನೆ ಸರಿಮಾಡಲು ಕೂತವರ ಕಣ್ಣು ಮೊದಲು ಹೋಗುವುದು ಲೂಪ್ ಕಡೆಗೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಮೆಮೊರಿಯನ್ನು. ಈ ಬೈಟ್‌ಗಳು ಯಾರವು? ಎಷ್ಟು ಹೊತ್ತು ಇರುತ್ತವೆ? ಕೊನೆಗೆ ಯಾರು ಫ್ರೀ ಮಾಡಬೇಕು? ಈ ಮೂರಕ್ಕೆ ಉತ್ತರ ಸಿಕ್ಕರೆ ಒಡೆಯುವ ಲೂಪ್ ನಾಲ್ಕೈದು ಸಾಲಿಗೆ ಇಳಿಯುತ್ತದೆ. ಸಿಗದಿದ್ದರೆ ಎಷ್ಟು ಚಂದ ಮಾಡಿ ಬರೆದರೂ ಬಗ್ ಜಾಗ ಬದಲಿಸುತ್ತದೆ, ಅಷ್ಟೇ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಕರ್ನಲ್‌ನ ಸಿ ಕೋಡಿಗೆ ಸಂಬಂಧಿಸಿದ್ದು. ಪಾಯಿಂಟರ್, ಹೀಪ್, ಸ್ಟ್ಯಾಕ್ ಅಂದರೆ ಏನು ಅಂತ ಗೊತ್ತಿದ್ದು, ಕರ್ನಲ್ ಒಮ್ಮೆಯಾದರೂ ಬಿಲ್ಡ್ ಮಾಡಿದ್ದರೆ ಸಾಕು.

ನಮ್ಮ ಮುಂದಿರುವ ಹಳೆಯ ಕೋಡ್

ಒಂದು ಡ್ರೈವರ್ ಇದೆ ಅಂದುಕೊಳ್ಳಿ. ಅದರ ಸಿಸ್‌ಎಫ್‌ಎಸ್ ಫೈಲಿಗೆ ಹೀಗೆ ಒಂದು ಸಾಲು ಬರೆಯಬಹುದು:

ಸ್ಪೀಡ್=3,ಮೋಡ್=ಫಾಸ್ಟ್,ನೇಮ್=ಮುಖ್ಯ

ಆ ಸಾಲು ಬಂದಾಗ ಓಡುವ ಡ್ರೈವರ್‌ನ ಸ್ಟೋರ್ ಫಂಕ್ಷನ್ ಮೊದಲು ಸ್ಪಿನ್‌ಲಾಕ್ (ಹಿಡಿದಿರುವಾಗ ನಿದ್ದೆ ಮಾಡಬಾರದ, ಅಂದರೆ ಕಾಯುತ್ತಾ ನಿಲ್ಲಬಾರದ ಲಾಕ್) ಹಿಡಿಯುತ್ತದೆ. ಆಮೇಲೆ ಬಫರ್ ಅನ್ನು ಅಕ್ಷರ ಅಕ್ಷರವಾಗಿ ನೋಡುತ್ತಾ ಕಾಮಾ ಹುಡುಕುತ್ತದೆ. ಪ್ರತಿ ಚೂರಿಗೂ ಮೆಮೊರಿ ಕೊಡುವ ಕೆಮ್ಯಾಲಾಕ್ ಕರೆದು, ಮೆಮ್‌ಸಿಪಿವೈ ಇಂದ ನಕಲು ಮಾಡಿ, ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ ಸೊನ್ನೆ ಬೈಟ್ ಅನ್ನು ಕೊನೆಗೆ ಹಾಕುತ್ತದೆ. ಚೂರಿನ ಮೊದಲ ಐದು ಅಕ್ಷರ ನೋಡಿ ಇದು ಯಾವ ಕೀ ಅಂತ ತೀರ್ಮಾನಿಸುತ್ತದೆ. ಸಮ ಚಿಹ್ನೆಯ ಆಚೆಗಿನ ಬೆಲೆಯನ್ನು ಸಿಂಪಲ್_ಸ್ಟ್ರ್‌ಟೂಲ್ ಇಂದ ಸಂಖ್ಯೆ ಮಾಡಿ ನೇರವಾಗಿ ಡಿವೈಸ್ ಸ್ಟ್ರಕ್ಚರ್‌ಗೆ ಬರೆದುಬಿಡುತ್ತದೆ. ಫಂಕ್ಷನ್ ಕೊನೆಯಲ್ಲಿ, ಎರರ್ ಬಂದಾಗ ಹಾರಿ ಹೋಗಲು, ನಾಲ್ಕು ಗೋಟು ಲೇಬಲ್‌ಗಳಿವೆ. ಅವುಗಳಲ್ಲಿ ಒಂದು ಹಾದಿಯಲ್ಲಿ ಚೂರು ಫ್ರೀ ಆಗುವುದಿಲ್ಲ.

ಇಂಥ ಕೋಡ್ ವರ್ಷಗಟ್ಟಲೆ ಕೆಲಸ ಮಾಡಿಕೊಂಡೇ ಇರುತ್ತದೆ. ಅದಕ್ಕೇ ಇದನ್ನು ಮುಟ್ಟುವಾಗ ಎಚ್ಚರ ಜಾಸ್ತಿ ಬೇಕು. ಸರಿಯಾಗಿ ಓಡುತ್ತಿರುವುದನ್ನು ನೀವು ಕೆಡಿಸಿದರೆ ಅದರ ಹೊಣೆ ನಿಮ್ಮ ಪ್ಯಾಚಿನದು.

ಹಂತ 1: ಈಗಿನ ನಡವಳಿಕೆಯನ್ನು ಟೆಸ್ಟ್‌ಗಳಲ್ಲಿ ಕಟ್ಟಿಹಾಕಿ

ರಿಫ್ಯಾಕ್ಟರ್‌ನ ಮೊದಲ ಪ್ಯಾಚ್‌ನಲ್ಲಿ ಏನನ್ನೂ ಸುಧಾರಿಸಬೇಡಿ (ಲೀಕ್‌ನ ಸರಿಪಡಿಕೆ ಬೇರೆಯೇ ಪ್ಯಾಚ್, ಅದು ಹಂತ 10ರಲ್ಲಿ). ಒಡೆಯುವ ಭಾಗವನ್ನು ಮಾತ್ರ ಬೇರೆ ಫಂಕ್ಷನ್‌ಗೆ ಎತ್ತಿಡಿ. ಆ ಫಂಕ್ಷನ್ ಒಳಕ್ಕೆ ಬರುವುದು ಒಂದು ಸ್ಟ್ರಿಂಗ್, ಹೊರಗೆ ಹೋಗುವುದು ಒಂದು ಚಿಕ್ಕ ಸ್ಟ್ರಕ್ಚರ್. ಡಿವೈಸ್, ಲಾಕ್, ಹಾರ್ಡ್‌ವೇರ್ ರಿಜಿಸ್ಟರ್ ಯಾವುದೂ ಅದರೊಳಗೆ ಇರಬಾರದು. ಹೀಗೆ ಬೇರ್ಪಡಿಸಿದರೆ ಹಾರ್ಡ್‌ವೇರ್ ಇಲ್ಲದೆಯೇ ಟೆಸ್ಟ್ ಮಾಡಬಹುದು.

ಟೆಸ್ಟ್ ಬರೆಯಲು ಕರ್ನಲ್ ಒಳಗೇ ಕೆಯುನಿಟ್ ಇದೆ. 2020ರ 5.5 ಆವೃತ್ತಿಯಲ್ಲಿ ಸೇರಿದ್ದು. ಟೂಲ್ಸ್/ಟೆಸ್ಟಿಂಗ್/ಕೆಯುನಿಟ್ ಡೈರೆಕ್ಟರಿಯಲ್ಲಿರುವ ಪೈಥಾನ್ ಸ್ಕ್ರಿಪ್ಟ್ ಓಡಿಸಿದರೆ ಕರ್ನಲ್ ಅನ್ನು ಯೂಸರ್ ಮೋಡ್ ಲಿನಕ್ಸ್ ಆಗಿ (ಸಾಮಾನ್ಯ ಪ್ರೋಗ್ರಾಮ್‌ನಂತೆ ಓಡುವ ಕರ್ನಲ್ ಆಗಿ) ಬಿಲ್ಡ್ ಮಾಡಿ, ಟೆಸ್ಟ್ ನಡೆಸಿ, ಫಲಿತಾಂಶ ತೋರಿಸುತ್ತದೆ. ಬೇರೆ ಮಷೀನ್ ಬೇಡ, ರೀಬೂಟ್ ಬೇಡ.

ಯಾವ ಯಾವ ಇನ್‌ಪುಟ್ ಕೊಡಬೇಕು? ಸರಿಯಾದ ಸಾಲು ಒಂದೇ ಸಾಕು, ಉಳಿದದ್ದೆಲ್ಲ ವಕ್ರವಾದ್ದೇ ಇರಲಿ. ಪೂರ್ತಿ ಖಾಲಿ ಸ್ಟ್ರಿಂಗ್. ಬರೀ ಒಂದು ಕಾಮಾ. ಎರಡು ಕಾಮಾ ಅಕ್ಕಪಕ್ಕ. ಕಾಮಾ ಇಂದ ಶುರುವಾಗುವುದು, ಕಾಮಾದಲ್ಲೇ ಮುಗಿಯುವುದು. ಸಮ ಚಿಹ್ನೆ ಇಲ್ಲದ ಕೀ. ಎರಡು ಸಮ ಚಿಹ್ನೆ ಇರುವ ಚೂರು. ಒಂದೇ ಕೀ ಎರಡು ಸಲ. ಕೊನೆಯಲ್ಲಿ ಹೊಸಸಾಲಿನ ಅಕ್ಷರ. ಈ ಕೊನೆಯದು ವಿಶೇಷ ಸಂದರ್ಭವೇ ಅಲ್ಲ. ಶೆಲ್‌ನಲ್ಲಿ ಎಕೋ ಕಮಾಂಡ್ ಇಂದ ಬರೆದಾಗಲೆಲ್ಲ ಅದು ಬಂದೇ ಬರುತ್ತದೆ.

ಹಳೆಯ ಕೋಡ್ ಏನು ಉತ್ತರ ಕೊಡುತ್ತದೋ ಅದನ್ನೇ ಸದ್ಯಕ್ಕೆ ಸರಿ ಅಂತ ಟೆಸ್ಟ್‌ನಲ್ಲಿ ಬರೆಯಿರಿ, ಅದು ವಿಚಿತ್ರವಾಗಿದ್ದರೂ ಸರಿ. ವಿಚಿತ್ರವನ್ನು ಬದಲಿಸುವುದು ಬೇಡವೋ ಬೇಕೋ ಅಂತ ಆಮೇಲೆ ಬೇರೆ ಪ್ಯಾಚ್‌ನಲ್ಲಿ ವಾದ ಮಾಡಬಹುದು.

ಹಂತ 2: ಪ್ರತಿ ಪಾಯಿಂಟರ್‌ಗೂ ಯಜಮಾನ ಯಾರು ಅಂತ ಗುರುತಿಸಿ

ಒಂದು ಕಾಗದ ತೆಗೆದುಕೊಂಡು ಫಂಕ್ಷನ್‌ನಲ್ಲಿರುವ ಪ್ರತಿ ಪಾಯಿಂಟರ್ ಹೆಸರು ಬರೆಯಿರಿ. ಪಕ್ಕದಲ್ಲಿ ಅದು ಎರವಲು ತಂದದ್ದೋ, ಈ ಫಂಕ್ಷನ್‌ನದ್ದೇ ಆದದ್ದೋ, ಫಂಕ್ಷನ್ ಮುಗಿದ ಮೇಲೂ ಉಳಿಯಬೇಕಾದದ್ದೋ ಅಂತ ನಮೂದಿಸಿ. ನಮ್ಮ ಡ್ರೈವರ್‌ನಲ್ಲಿ ಸ್ಟೋರ್ ಫಂಕ್ಷನ್‌ಗೆ ಬರುವ ಬಫರ್ ಎರವಲು. ಒಡೆಯಲು ಮಾಡಿಕೊಂಡ ನಕಲು ಫಂಕ್ಷನ್‌ನದ್ದು. ನೇಮ್ ಬೆಲೆ ಮಾತ್ರ ಡಿವೈಸ್ ಇರುವವರೆಗೂ ಉಳಿಯಬೇಕು.

ಈ ಪಟ್ಟಿ ಮಾಡಿದ ತಕ್ಷಣ ಒಂದು ವಿಷಯ ಎದ್ದು ಕಾಣುತ್ತದೆ. ಸ್ಪೀಡ್ ಚೂರು, ಮೋಡ್ ಚೂರು ಎರಡಕ್ಕೂ ಸ್ವಂತ ಮೆಮೊರಿ ಬೇಕಾಗಿಯೇ ಇರಲಿಲ್ಲ. ಸಂಖ್ಯೆ ತೆಗೆದುಕೊಂಡ ಮೇಲೆ, ಮೋಡ್ ಯಾವುದು ಅಂತ ಗೊತ್ತಾದ ಮೇಲೆ ಆ ಅಕ್ಷರಗಳ ಕೆಲಸ ಮುಗಿಯಿತು, ಅಲ್ವಾ? ಹಳೆಯ ಕೋಡ್‌ನ ಮೂರು ಅಲೋಕೇಶನ್‌ಗಳಲ್ಲಿ ಎರಡು ಸುಮ್ನೆ ಇದ್ದವು.

ಸಿಸ್‌ಎಫ್‌ಎಸ್ ಬಫರ್ ಬಗ್ಗೆ ಇನ್ನೊಂದು ಮಾತು. ಅದು ಕಾನ್ಸ್ಟ್ ಆಗಿ ಬರುತ್ತದೆ. ಗರಿಷ್ಠ ಒಂದು ಪೇಜ್, ಕೊನೆಯಲ್ಲಿ ಸೊನ್ನೆ ಬೈಟ್ ಇರುತ್ತದೆ. ಕೆಲವರು ಕಾನ್ಸ್ಟ್ ಅನ್ನು ಕ್ಯಾಸ್ಟ್ ಮಾಡಿ ತೆಗೆದು ಅದರೊಳಗೇ ಕತ್ತರಿ ಆಡಿಸುತ್ತಾರೆ. ಇವತ್ತು ಅದು ಓಡಬಹುದು, ಯಾಕೆಂದರೆ ಕೆಳಗಿರುವುದು ಬರೆಯಬಹುದಾದ ಮೆಮೊರಿಯೇ. ಆದರೆ ಬರೆಯುವುದಿಲ್ಲ ಅಂತ ಮಾತು ಕೊಟ್ಟು ಬರೆದಂತಾಯಿತು. ರಿಫ್ಯಾಕ್ಟರ್ ಮಾಡುವಾಗ ಇಂಥ ಕ್ಯಾಸ್ಟ್ ಕಂಡರೆ ಮೊದಲು ಅದನ್ನು ತೆಗೆಯಿರಿ.

ಹಂತ 3: ಸ್ಟ್ರ್‌ಸೆಪ್ ಅನ್ನು ಸರಿಯಾಗಿ ಬಳಸಿ

ಹಿಂದೆ 2.4 ಕಾಲದ ಕರ್ನಲ್‌ನಲ್ಲಿ ಸ್ಟ್ರ್‌ಟಾಕ್ ಇತ್ತು. ಅದು ಎಲ್ಲಿವರೆಗೆ ಓದಿದೆ ಅನ್ನುವುದನ್ನು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಎರಡು ಸಿಪಿಯುಗಳು ಒಟ್ಟಿಗೆ ಕರೆದರೆ, ಅಥವಾ ಒಂದು ಲೂಪ್ ಒಳಗೆ ಇನ್ನೊಂದು ಲೂಪ್ ಕರೆದರೆ ಒಬ್ಬರ ಜಾಗವನ್ನು ಇನ್ನೊಬ್ಬರು ಅಳಿಸುತ್ತಿದ್ದರು. ಆಮೇಲೆ ಅದನ್ನು ತೆಗೆದುಹಾಕಿದರು. ಈಗ ಇರುವುದು ಸ್ಟ್ರ್‌ಸೆಪ್. ಇದು ಜಾಗವನ್ನು ನೀವೇ ಕೊಟ್ಟ ಪಾಯಿಂಟರ್‌ನಲ್ಲಿ ನೆನಪಿಟ್ಟುಕೊಳ್ಳುತ್ತದೆ.

ಸ್ಟ್ರ್‌ಸೆಪ್ ಹೊಸ ಮೆಮೊರಿ ಕೇಳುವುದಿಲ್ಲ. ಬೇರ್ಪಡಿಸುವ ಅಕ್ಷರ ಸಿಕ್ಕ ಕಡೆ ಸೊನ್ನೆ ಬೈಟ್ ಬರೆದು, ಚೂರಿನ ಶುರುವಿನ ವಿಳಾಸ ಹಿಂದಿರುಗಿಸುತ್ತದೆ. ಇದು ಹಗ್ಗವನ್ನು ತುಂಡು ಮಾಡಿದ ಹಾಗಲ್ಲ, ಒಂದೇ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿದ ಹಾಗೆ. ಆದ್ದರಿಂದ ಫ್ರೀ ಮಾಡಬೇಕಾದ್ದೂ ಒಂದೇ.

ಸರಿಯಾದ ಆಕಾರ ಇದು (ಕೆಸ್ಟ್ರ್‌ಡಪ್ ಸ್ಟ್ರಿಂಗ್‌ನ ನಕಲು ಮಾಡುತ್ತದೆ, ಕೆಫ್ರೀ ಮೆಮೊರಿ ಬಿಡುತ್ತದೆ, ಜಿಎಫ್‌ಪಿ_ಕರ್ನಲ್ ಅಂದರೆ ಮೆಮೊರಿಗಾಗಿ ಕಾಯಬಹುದು ಅಂತ, -ಇನೋಮೆಮ್ ಅಂದರೆ ಮೆಮೊರಿ ಸಿಗಲಿಲ್ಲ ಅಂತ):

ನಕಲು = ಕೆಸ್ಟ್ರ್‌ಡಪ್(ಬಫ್, ಜಿಎಫ್‌ಪಿ_ಕರ್ನಲ್);
ಇಫ್ (!ನಕಲು)
    ರಿಟರ್ನ್ -ಇನೋಮೆಮ್;
ಕರ್ಸರ್ = ಸ್ಟ್ರಿಮ್(ನಕಲು);
ವೈಲ್ ((ಚೂರು = ಸ್ಟ್ರ್‌ಸೆಪ್(&ಕರ್ಸರ್, ",")) != ನಲ್) {
    ಇಫ್ (!*ಚೂರು)
        ಕಂಟಿನ್ಯೂ;
    ಬೆಲೆ = ಚೂರು;
    ಕೀ = ಸ್ಟ್ರ್‌ಸೆಪ್(&ಬೆಲೆ, "=");
    ...
}
ಕೆಫ್ರೀ(ನಕಲು);

ಇಲ್ಲಿ ನಕಲು ಮತ್ತು ಕರ್ಸರ್ ಎರಡು ಬೇರೆ ವೇರಿಯಬಲ್. ಇದೇ ಈ ಇಡೀ ಮಾರ್ಗದರ್ಶಿಯ ತಿರುಳು ಅಂದರೂ ತಪ್ಪಿಲ್ಲ. ಒಂದೇ ವೇರಿಯಬಲ್ ಇಟ್ಟುಕೊಂಡು ಅದರ ಮೇಲೆಯೇ ಸ್ಟ್ರ್‌ಸೆಪ್ ಓಡಿಸಿ, ಕೊನೆಗೆ ಅದನ್ನೇ ಕೆಫ್ರೀಗೆ ಕೊಟ್ಟರೆ ಏನಾಗುತ್ತದೆ ನೋಡಿ. ಲೂಪ್ ಪೂರ್ತಿ ಓಡಿ ಮುಗಿದರೆ ಆ ಪಾಯಿಂಟರ್ ನಲ್ ಆಗಿರುತ್ತದೆ. ಕೆಫ್ರೀಗೆ ನಲ್ ಕೊಟ್ಟರೆ ಅದು ಏನೂ ಹೇಳದೆ ಹಿಂದಿರುಗುತ್ತದೆ. ಮೆಮೊರಿ ಲೀಕ್ ಆಯಿತು, ಯಾರಿಗೂ ಗೊತ್ತಾಗಲಿಲ್ಲ. ಲೂಪ್ ಅರ್ಧಕ್ಕೆ ಎರರ್ ಬಂದು ಹೊರಬಿದ್ದರೆ ಪಾಯಿಂಟರ್ ಬ್ಲಾಕ್‌ನ ನಡುವೆ ಎಲ್ಲೋ ನಿಂತಿರುತ್ತದೆ. ಆ ವಿಳಾಸವನ್ನು ಕೆಫ್ರೀಗೆ ಕೊಟ್ಟರೆ ಸ್ಲ್ಯಾಬ್, ಅಂದರೆ ಕರ್ನಲ್‌ನ ಮೆಮೊರಿ ಹಂಚುವ ವ್ಯವಸ್ಥೆ, ಕೆಡುತ್ತದೆ. ಒಂದೇ ಸಾಲಿನ ತಪ್ಪು, ಇನ್‌ಪುಟ್ ಸರಿಯಿದ್ದರೆ ಒಂದು ಬಗ್, ಸರಿಯಿಲ್ಲದಿದ್ದರೆ ಇನ್ನೊಂದು ಬಗ್.

ಸ್ಟ್ರಿಮ್ ಕೂಡ ಇದೇ ಜಾತಿಯದು. ಅದು ಹಿಂದಿನ ಖಾಲಿ ಜಾಗವನ್ನು ಸೊನ್ನೆ ಬೈಟ್ ಇಂದ ಕತ್ತರಿಸಿ, ಮುಂದಿನ ಖಾಲಿ ಜಾಗ ದಾಟಿದ ವಿಳಾಸ ಕೊಡುತ್ತದೆ. ಅದು ಕೊಟ್ಟ ವಿಳಾಸ ಓದಲು ಮಾತ್ರ, ಫ್ರೀ ಮಾಡಲು ಅಲ್ಲ.

ಖಾಲಿ ಚೂರಿನ ವಿಷಯದಲ್ಲೂ ಹುಷಾರು. ಸ್ಟ್ರ್‌ಟಾಕ್ ಅಕ್ಕಪಕ್ಕದ ಎರಡು ಕಾಮಾವನ್ನು ಒಂದೇ ಅಂತ ನೋಡುತ್ತಿತ್ತು. ಸ್ಟ್ರ್‌ಸೆಪ್ ನಡುವೆ ಒಂದು ಖಾಲಿ ಚೂರು ಕೊಡುತ್ತದೆ. ಪೂರ್ತಿ ಖಾಲಿ ಸ್ಟ್ರಿಂಗ್ ಕೊಟ್ಟರೂ ಒಂದು ಖಾಲಿ ಚೂರು ಬಂದು ಆಮೇಲೆ ನಲ್ ಬರುತ್ತದೆ. ಹಳೆಯ ಕೋಡ್ ಖಾಲಿಯನ್ನು ಬಿಟ್ಟು ಮುಂದೆ ಹೋಗುತ್ತಿತ್ತೋ, ತಪ್ಪು ಅನ್ನುತ್ತಿತ್ತೋ, ಹಂತ 1ರ ಟೆಸ್ಟ್ ನಿಮಗೆ ಹೇಳುತ್ತದೆ.

ಒಳಗಿನ ಸ್ಟ್ರ್‌ಸೆಪ್ ಆದ ಮೇಲೆ ಬೆಲೆ ನಲ್ ಆಗಿದ್ದರೆ ಸಮ ಚಿಹ್ನೆಯೇ ಇರಲಿಲ್ಲ ಅಂತ ಅರ್ಥ. ಬೆಲೆ ಇದೆ ಆದರೆ ಖಾಲಿ ಅಂದರೆ ಸಮ ಚಿಹ್ನೆ ಇತ್ತು, ಆಮೇಲೆ ಏನೂ ಇರಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಿ.

ಸ್ಟೋರ್ ಫಂಕ್ಷನ್ ಕೊನೆಗೆ ಹಿಂದಿರುಗಿಸಬೇಕಾದ್ದು ಮೊದಲು ಬಂದ ಕೌಂಟ್ (ಬರೆದ ಬೈಟ್‌ಗಳ ಸಂಖ್ಯೆ) ಅನ್ನೇ. ಒಡೆದ ಮೇಲೆ ಉಳಿದ ಉದ್ದ ಲೆಕ್ಕಹಾಕಿ ಕೊಟ್ಟರೆ, ಬರೆದದ್ದು ಅರ್ಧವೇ ಆಯಿತು ಅಂತ ಯೂಸರ್‌ಸ್ಪೇಸ್ (ಕರ್ನಲ್ ಹೊರಗೆ ಓಡುವ ಪ್ರೋಗ್ರಾಮ್) ಉಳಿದದ್ದನ್ನು ಮತ್ತೆ ಬರೆಯುತ್ತದೆ. ನಿಮ್ಮ ಫಂಕ್ಷನ್ ಎರಡನೇ ಸಲ ಅರ್ಧ ಸಾಲಿನ ಜೊತೆ ಓಡುತ್ತದೆ.

ಚೂರುಗಳೆಲ್ಲ ಬರೀ ಖಾಲಿ ಜಾಗದಿಂದ ಬೇರೆಯಾಗಿದ್ದು, ನಿಮಗೆ ಬೇಕಾದ್ದು ಪಾಯಿಂಟರ್‌ಗಳ ಪಟ್ಟಿ ಆಗಿದ್ದರೆ ಸ್ವಂತ ಲೂಪ್ ಬೇಡ, ಆರ್ಗ್‌ವಿ_ಸ್ಪ್ಲಿಟ್ ಇದೆ. ಅದರ ಒಳಗಿನ ಉಪಾಯ ಚೆನ್ನಾಗಿದೆ. ಇಡೀ ಸ್ಟ್ರಿಂಗ್‌ನ ಒಂದು ನಕಲು ಮಾಡಿಕೊಂಡು, ಪಟ್ಟಿಗೆ ಒಂದು ಜಾಗ ಜಾಸ್ತಿ ಅಲೋಕೇಟ್ ಮಾಡಿ, ಮೊದಲನೆಯದರಲ್ಲಿ ನಕಲಿನ ವಿಳಾಸ ಬಚ್ಚಿಟ್ಟು, ಎರಡನೆಯದರಿಂದ ನಿಮಗೆ ಕೊಡುತ್ತದೆ. ಆರ್ಗ್‌ವಿ_ಫ್ರೀ ಒಂದು ಹೆಜ್ಜೆ ಹಿಂದೆ ಹೋಗಿ ಆ ನಕಲು, ಪಟ್ಟಿ ಎರಡನ್ನೂ ಬಿಡುತ್ತದೆ. ಆದ್ದರಿಂದ ಅದು ಕೊಟ್ಟ ಪಟ್ಟಿಗೆ ನೇರವಾಗಿ ಕೆಫ್ರೀ ಕರೆಯಬಾರದು. ಕೋಟ್ ಚಿಹ್ನೆಗಳನ್ನು ಅದು ಗಮನಿಸುವುದಿಲ್ಲ ಅನ್ನುವುದೂ ನೆನಪಿರಲಿ.

ಹಂತ 4: ನಕಲೇ ಬೇಡದಿದ್ದರೆ ಮಾಡಬೇಡಿ

ಕೆಲವು ಕಡೆ ಒಂದು ನಕಲೂ ಜಾಸ್ತಿಯೇ. ಪಾತ್ ಹುಡುಕುವ ಕೋಡ್ ಇದಕ್ಕೆ ಒಳ್ಳೆಯ ಉದಾಹರಣೆ. ಲಿಂಕ್_ಪಾತ್_ವಾಕ್ ಫಂಕ್ಷನ್ ಸ್ಲ್ಯಾಶ್‌ಗಳನ್ನು ದಾಟುತ್ತದೆ, ಮುಂದಿನ ಭಾಗದ ಉದ್ದ ಮತ್ತು ಹ್ಯಾಶ್ ಎರಡನ್ನೂ ಒಂದೇ ಓಟದಲ್ಲಿ ಲೆಕ್ಕಹಾಕುತ್ತದೆ, ಶುರುವಿನ ವಿಳಾಸ ಮತ್ತು ಉದ್ದವನ್ನು ಇಟ್ಟುಕೊಂಡು ಮುಂದೆ ಹೋಗುತ್ತದೆ. ಪಾತ್‌ನ ಒಂದು ಅಕ್ಷರವನ್ನೂ ಅದು ಬದಲಿಸುವುದಿಲ್ಲ. ಪ್ರತಿ ಭಾಗಕ್ಕೂ ಮೆಮೊರಿ ಕೇಳುತ್ತಿದ್ದರೆ ಫೈಲ್ ತೆರೆಯುವುದು ಎಷ್ಟು ನಿಧಾನ ಆಗುತ್ತಿತ್ತು ಯೋಚಿಸಿ.

ನಿಮ್ಮ ಕೋಡ್‌ನಲ್ಲೂ ಇದೇ ರೀತಿ ಸ್ಟ್ರ್‌ಸಿಸ್ಪ್ಯಾನ್ ಬಳಸಿ ಚೂರಿನ ಉದ್ದ ತಿಳಿದುಕೊಂಡು, ವಿಳಾಸ ಮತ್ತು ಉದ್ದದ ಜೋಡಿಯಾಗಿ ಕೆಲಸ ಮಾಡಬಹುದು. ಇದರ ತೊಂದರೆ ಏನು ಅಂದರೆ, ಚೂರಿನ ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲ. ಹೋಲಿಸುವಾಗ ಉದ್ದವೂ ಸಮ ಇದೆಯಾ ಅಂತ ನೋಡಲೇಬೇಕು. ಬರೀ ಸ್ಟ್ರ್‌ಎನ್‌ಸಿಎಂಪಿಗೆ ಚೂರಿನ ಉದ್ದ ಕೊಟ್ಟರೆ "ಮೋ" ಅಂತ ಬರೆದರೂ ಮೋಡ್ ಅಂತ ಒಪ್ಪಿಕೊಳ್ಳುತ್ತದೆ. ಸಂಖ್ಯೆ ಮಾಡುವ ಫಂಕ್ಷನ್‌ಗಳೂ ಸೊನ್ನೆ ಬೈಟ್ ನಿರೀಕ್ಷಿಸುತ್ತವೆ. ಹಾಗಾಗಿ ವೇಗ ಮುಖ್ಯವಾದ ಹಾದಿಯಲ್ಲಿ ಮಾತ್ರ ಇದನ್ನು ಆರಿಸಿಕೊಳ್ಳಿ ಅಂತ ನನ್ನ ಸಲಹೆ. ಯಾರೋ ಯಾವಾಗಲೋ ಒಮ್ಮೆ ಬರೆಯುವ ಸಿಸ್‌ಎಫ್‌ಎಸ್ ಫೈಲಿಗೆ ಒಂದು ಕೆಸ್ಟ್ರ್‌ಡಪ್ ಸಾಕು.

ನಕಲನ್ನು ಸ್ಟ್ಯಾಕ್ ಮೇಲೆ ಮಾಡೋಣ ಅಂತ ಅನ್ನಿಸಬಹುದು. 64 ಬೈಟ್ ಒಳಗಿನ ಸ್ಥಿರ ಗಾತ್ರದ್ದಾದರೆ ಪರವಾಗಿಲ್ಲ. ಎಕ್ಸ್86-64ರಲ್ಲಿ ಕರ್ನಲ್ ಸ್ಟ್ಯಾಕ್ ಪೂರ್ತಿ 16 ಕೆಬಿ, ಅದೂ ಇಡೀ ಕರೆ ಸರಪಳಿಗೆ. ಉದ್ದ ಬದಲಾಗುವ ಅರೇಗಳನ್ನಂತೂ 2018ರಲ್ಲೇ ಕರ್ನಲ್‌ನಿಂದ ಪೂರ್ತಿ ಹೊರಹಾಕಿದ್ದಾರೆ.

ಹಂತ 5: ಯೂಸರ್‌ಸ್ಪೇಸ್ ಸ್ಟ್ರಿಂಗ್ ಅನ್ನು ಒಂದೇ ಸಲ ತನ್ನಿ

ಡೀಬಗ್‌ಎಫ್‌ಎಸ್ ಅಥವಾ ಐಒಸಿಟಿಎಲ್ (ಪ್ರೋಗ್ರಾಮ್ ಡ್ರೈವರ್‌ಗೆ ಆಜ್ಞೆ ಕೊಡುವ ಕರೆ) ಹಾದಿಯಲ್ಲಿ ಬಫರ್ ಯೂಸರ್‌ಸ್ಪೇಸ್‌ನದ್ದೇ ಆಗಿರುತ್ತದೆ. ಹಳೆಯ ಕೋಡ್‌ನಲ್ಲಿ ಕೆಮ್ಯಾಲಾಕ್, ಕಾಪಿ_ಫ್ರಮ್_ಯೂಸರ್, ಕೊನೆಗೆ ಸೊನ್ನೆ ಬೈಟ್ ಅಂತ ಮೂರು ಸಾಲು ಕಂಡರೆ ಅದರ ಜಾಗಕ್ಕೆ ಮೆಮ್‌ಡಪ್_ಯೂಸರ್_ನಲ್ ಬರುತ್ತದೆ. ಉದ್ದ ಗೊತ್ತಿಲ್ಲದ ಸ್ಟ್ರಿಂಗ್ ಆದರೆ ಸ್ಟ್ರ್‌ಎನ್‌ಡಪ್_ಯೂಸರ್. ಬರುವ ಉದ್ದಕ್ಕೆ ನಿಮ್ಮದೇ ಒಂದು ಮಿತಿ ಹಾಕಿ. ಯೂಸರ್ ಹೇಳಿದಷ್ಟು ಮೆಮೊರಿ ಕೊಡಬೇಕಾಗಿಲ್ಲ.

ಇವು ಸೋತಾಗ ನಲ್ ಕೊಡುವುದಿಲ್ಲ, ಎರರ್ ಪಾಯಿಂಟರ್ ಕೊಡುತ್ತವೆ. ಇಸ್_ಎರ್ ಇಂದ ನೋಡಬೇಕು. ಕೆಮ್ಯಾಲಾಕ್ ಇಂದ ಬದಲಾಯಿಸುವಾಗ ಹಳೆಯ ನಲ್ ಪರೀಕ್ಷೆ ಹಾಗೇ ಉಳಿದುಬಿಟ್ಟರೆ ಎರರ್ ಕೋಡ್ ಅನ್ನೇ ವಿಳಾಸ ಅಂತ ಓದಲು ಹೋಗುತ್ತೀರಿ.

ಉದ್ದ ನೋಡಲು ಒಂದು ಸಲ, ತರಲು ಇನ್ನೊಂದು ಸಲ ಯೂಸರ್ ಮೆಮೊರಿ ಓದಿದರೆ ನಡುವೆ ಇನ್ನೊಂದು ಥ್ರೆಡ್ ಅದನ್ನು ಬದಲಿಸಬಹುದು. ಸ್ಟ್ರ್‌ಎನ್‌ಡಪ್_ಯೂಸರ್ ಒಳಗೂ ಮೊದಲು ಉದ್ದ, ಆಮೇಲೆ ನಕಲು. ಆದರೆ ನಕಲು ಆದ ಮೇಲೆ ಕೊನೆಯ ಬೈಟ್‌ಗೆ ಸೊನ್ನೆಯನ್ನು ಅದು ತಾನೇ ಬರೆಯುತ್ತದೆ. ಆ ಒಂದು ಸಾಲಿಗೋಸ್ಕರವೇ ಸ್ವಂತವಾಗಿ ಬರೆಯುವ ಬದಲು ಇದನ್ನು ಬಳಸಬೇಕು ಅನ್ನುತ್ತೇನೆ.

ಹಂತ 6: ಸಂಖ್ಯೆ, ಪದ, ಹೆಸರು

ಸಿಂಪಲ್_ಸ್ಟ್ರ್‌ಟೂಲ್ "12ಎಬಿಸಿ" ಕೊಟ್ಟರೆ 12 ಅನ್ನುತ್ತದೆ, ತಪ್ಪು ಅನ್ನುವುದಿಲ್ಲ. ಕೆಸ್ಟ್ರ್‌ಟುಯುಇಂಟ್ ಕುಟುಂಬ ಹಾಗಲ್ಲ. ಪೂರ್ತಿ ಸ್ಟ್ರಿಂಗ್ ಸಂಖ್ಯೆಯೇ ಆಗಿರಬೇಕು, ಕೊನೆಯಲ್ಲಿ ಒಂದು ಹೊಸಸಾಲು ಮಾತ್ರ ಬಿಡುತ್ತದೆ. ಮಿತಿ ಮೀರಿದರೆ ಬೇರೆ ಎರರ್, ಸಂಖ್ಯೆಯೇ ಅಲ್ಲದಿದ್ದರೆ ಬೇರೆ ಎರರ್ ಕೊಡುತ್ತದೆ.

ಬದಲಿಸಲೇಬೇಕು, ಆದರೆ ಇದು ಶುದ್ಧ ರಿಫ್ಯಾಕ್ಟರ್ ಅಲ್ಲ. ನಿನ್ನೆವರೆಗೆ "3ಎಂಎಸ್" ಅಂತ ಬರೆಯುತ್ತಿದ್ದ ಸ್ಕ್ರಿಪ್ಟ್ ಇವತ್ತು ಸೋಲಬಹುದು. ಯೂಸರ್‌ಸ್ಪೇಸ್ ಮುರಿಯಬಾರದು ಅನ್ನುವುದು ಕರ್ನಲ್‌ನ ಗಟ್ಟಿ ನಿಯಮ. ಅದಕ್ಕೆ ಈ ಬದಲಾವಣೆಗೆ ಬೇರೆ ಪ್ಯಾಚ್, ಬೇರೆ ವಿವರಣೆ ಇರಲಿ. ಬೇಸ್ ಅನ್ನೂ (ಎಷ್ಟರ ಪದ್ಧತಿಯ ಸಂಖ್ಯೆ ಅನ್ನುವುದನ್ನೂ) ಮುಟ್ಟಬೇಡಿ. 10 ಇದ್ದದ್ದನ್ನು 0 ಮಾಡಿದರೆ "010" ಅನ್ನುವುದು ಹತ್ತರ ಬದಲು ಎಂಟಾಗುತ್ತದೆ.

ಮೋಡ್‌ನಂಥ ಪದಗಳಿಗೆ ಇಫ್, ಎಲ್ಸ್ ಇಫ್ ಸಾಲು ಬೇಡ. ಪದಗಳ ಅರೇ ಇಟ್ಟು ಮ್ಯಾಚ್_ಸ್ಟ್ರಿಂಗ್ ಅಥವಾ ಸಿಸ್‌ಎಫ್‌ಎಸ್_ಮ್ಯಾಚ್_ಸ್ಟ್ರಿಂಗ್ ಕರೆಯಿರಿ. ಎರಡನೆಯದು ಕೊನೆಯ ಹೊಸಸಾಲನ್ನೂ ನೋಡಿಕೊಳ್ಳುತ್ತದೆ.

ಸ್ಥಿರ ಗಾತ್ರದ ಅರೇಗೆ ಹೆಸರು ಹಾಕಲು ಸ್ಟ್ರ್‌ಎಸ್‌ಸಿಪಿವೈ ಬಳಸಿ. ಹಿಡಿಸದಿದ್ದರೆ ಋಣ ಸಂಖ್ಯೆಯ ಎರರ್ ಕೊಡುತ್ತದೆ, ಅದನ್ನು ನೋಡಿ. ಹಳೆಯ ಸ್ಟ್ರ್‌ಎಲ್‌ಸಿಪಿವೈ ಮೂಲ ಸ್ಟ್ರಿಂಗ್ ಅನ್ನು ಕೊನೆವರೆಗೂ ಓದುತ್ತಿತ್ತು. ಮೂಲದಲ್ಲಿ ಸೊನ್ನೆ ಬೈಟ್ ಇಲ್ಲದಿದ್ದರೆ ಹೊರಗೆ ಓದುತ್ತಾ ಹೋಗುತ್ತಿತ್ತು. 2024ರ 6.8 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಆ ಸ್ಟ್ರಕ್ಚರ್ ಮುಂದೆ ಯೂಸರ್‌ಸ್ಪೇಸ್‌ಗೆ ಹೋಗುವುದಾದರೆ ಸ್ಟ್ರ್‌ಎಸ್‌ಸಿಪಿವೈ_ಪ್ಯಾಡ್ ಬೇಕು. ಇಲ್ಲದಿದ್ದರೆ ಹೆಸರಿನ ಹಿಂದೆ ಉಳಿದ ಹಳೆಯ ಬೈಟ್‌ಗಳೂ ಹೊರಗೆ ಹೋಗುತ್ತವೆ.

ಹಂತ 7: ಪೂರ್ತಿ ಓದಿ ಮುಗಿಸಿ, ಆಮೇಲೆ ಲಾಕ್ ಹಿಡಿಯಿರಿ

ಹಳೆಯ ಕೋಡ್ ಲಾಕ್ ಒಳಗೇ ಅಲೋಕೇಟ್ ಮಾಡುತ್ತಿತ್ತು, ಹಾಗಾಗಿ ಜಿಎಫ್‌ಪಿ_ಅಟಾಮಿಕ್ ಬಳಸಬೇಕಾಗಿ ಬಂತು. ಅದು ನಿದ್ದೆ ಮಾಡುವಂತಿಲ್ಲ, ಮೆಮೊರಿ ಬಿಗಿಯಾದಾಗ ಬೇಗ ಸೋಲುತ್ತದೆ. ಒಡೆಯುವ ಕೆಲಸವನ್ನು ಲಾಕ್ ಹೊರಗೆ ತಂದರೆ ಜಿಎಫ್‌ಪಿ_ಕರ್ನಲ್ ಸಾಕು. ಎಲ್ಲ ಚೂರು ಓದಿ, ಪರೀಕ್ಷಿಸಿ, ಫಲಿತಾಂಶವನ್ನು ಸ್ಟ್ಯಾಕ್ ಮೇಲಿನ ಚಿಕ್ಕ ಸ್ಟ್ರಕ್ಚರ್‌ಗೆ ತುಂಬಿ. ಎಲ್ಲ ಸರಿಯಿದ್ದರೆ ಲಾಕ್ ಹಿಡಿದು ಬರೆದು ಬಿಟ್ಟುಬಿಡಿ. ಹಳೆಯ ಹೆಸರಿನ ಪಾಯಿಂಟರ್ ಅನ್ನು ಹೊಸದರ ಜೊತೆ ಅದಲು ಬದಲು ಮಾಡಿ, ಹಳೆಯದನ್ನು ಲಾಕ್ ಬಿಟ್ಟ ಮೇಲೆ ಕೆಫ್ರೀ ಮಾಡಿ.

ಇದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಮೊದಲು ಮೂರನೇ ಚೂರು ತಪ್ಪಿದ್ದರೆ ಮೊದಲ ಎರಡು ಆಗಲೇ ಜಾರಿ ಆಗಿರುತ್ತಿದ್ದವು. ಈಗ ಎಲ್ಲವೂ ಆಗುತ್ತದೆ, ಇಲ್ಲವೇ ಯಾವುದೂ ಇಲ್ಲ. ಇದೂ ನಡವಳಿಕೆಯ ಬದಲಾವಣೆಯೇ, ಕಾಮಿಟ್ ಸಂದೇಶದಲ್ಲಿ ಹೇಳಿ.

ಹೆಸರನ್ನು ಬೇರೆಯವರು ಆರ್‌ಸಿಯು (ಓದುವವರೆಲ್ಲ ಮುಗಿಸುವವರೆಗೆ ಹಳೆಯದನ್ನು ಉಳಿಸುವ ವಿಧಾನ) ಅಡಿಯಲ್ಲಿ ಲಾಕ್ ಇಲ್ಲದೆ ಓದುತ್ತಿದ್ದರೆ ತಕ್ಷಣ ಕೆಫ್ರೀ ಮಾಡುವಂತಿಲ್ಲ. ಆಗ ಹೆಸರನ್ನು ಬರೀ ಅಕ್ಷರ ಪಾಯಿಂಟರ್ ಆಗಿ ಇಡದೆ, ಆರ್‌ಸಿಯು_ಹೆಡ್ ಮತ್ತು ಕೊನೆಯಲ್ಲಿ ಫ್ಲೆಕ್ಸಿಬಲ್ ಅರೇ ಇರುವ ಸ್ಟ್ರಕ್ಚರ್ ಒಳಗೆ ಇಡಿ. ಗಾತ್ರವನ್ನು ಸ್ಟ್ರಕ್ಟ್_ಸೈಜ್ ಇಂದ ಲೆಕ್ಕಹಾಕಿದರೆ ಓವರ್‌ಫ್ಲೋ ಭಯವಿಲ್ಲ. ಬಿಡುವಾಗ ಕೆಫ್ರೀ_ಆರ್‌ಸಿಯು.

ಹಂತ 8: ಗೋಟು ಲೇಬಲ್‌ಗಳನ್ನು ಕಮ್ಮಿ ಮಾಡಿ

ಕರ್ನಲ್‌ನಲ್ಲಿ ಗೋಟು ಕೆಟ್ಟದ್ದಲ್ಲ. ಪಡೆದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಬಿಡುತ್ತಾ ಬರುವ ಲೇಬಲ್‌ಗಳು ಓದಲು ಸುಲಭ. ಆದರೆ ಮೇಲಿನ ಹಂತಗಳು ಮುಗಿದ ಮೇಲೆ ನಮ್ಮ ಫಂಕ್ಷನ್‌ನಲ್ಲಿ ಉಳಿಯುವುದು ಒಂದು ನಕಲು, ಒಂದು ಹೊಸ ಹೆಸರು. ಇಲ್ಲಿ 2023ರ 6.5 ಆವೃತ್ತಿಯಲ್ಲಿ ಬಂದ ಕ್ಲೀನಪ್ ಸೌಲಭ್ಯ ಚೆನ್ನಾಗಿ ಹೊಂದುತ್ತದೆ. ವೇರಿಯಬಲ್ ಘೋಷಣೆಯಲ್ಲೇ __ಫ್ರೀ(ಕೆಫ್ರೀ) ಅಂತ ಗುರುತು ಹಾಕಿದರೆ, ಆ ವೇರಿಯಬಲ್‌ನ ವ್ಯಾಪ್ತಿ ಮುಗಿದಾಗ ಕಂಪೈಲರ್ ತಾನೇ ಕೆಫ್ರೀ ಕರೆಸುತ್ತದೆ. ಎಲ್ಲಿ ಬೇಕಾದರೂ ನೇರವಾಗಿ ರಿಟರ್ನ್ ಮಾಡಬಹುದು.

ಬಳಸುವಾಗ ನಾಲ್ಕು ವಿಷಯ ಗಮನಿಸಿ. ಘೋಷಿಸಿದ ಸಾಲಿನಲ್ಲೇ ಬೆಲೆ ಕೊಡಿ. ಬೆಲೆ ಕೊಡದೆ ಬಿಟ್ಟು ಮಧ್ಯದಲ್ಲಿ ರಿಟರ್ನ್ ಆದರೆ ಕಸದ ವಿಳಾಸ ಫ್ರೀ ಆಗುತ್ತದೆ. ಒಂದೇ ಫಂಕ್ಷನ್‌ನಲ್ಲಿ ಗೋಟು ಮತ್ತು ಇದನ್ನು ಬೆರೆಸಬೇಡಿ. ಹಲವು ವೇರಿಯಬಲ್ ಇದ್ದರೆ ಘೋಷಿಸಿದ ಕ್ರಮಕ್ಕೆ ಉಲ್ಟಾ ಬಿಡುಗಡೆ ಆಗುತ್ತವೆ, ಲಾಕ್ ಗಾರ್ಡ್ (ವ್ಯಾಪ್ತಿ ಮುಗಿದಾಗ ತಾನೇ ಲಾಕ್ ಬಿಡುವ ಗುರುತು) ಜೊತೆ ಬಳಸಿದರೆ ಇದು ಮುಖ್ಯ. ಉಳಿಯಬೇಕಾದ ಹೆಸರನ್ನು ಡಿವೈಸ್‌ಗೆ ಒಪ್ಪಿಸುವಾಗ ನೋ_ಫ್ರೀ_ಪಿಟಿಆರ್ ಮೂಲಕ ಒಪ್ಪಿಸಿ. ಅದು ಬೆಲೆ ಕೊಟ್ಟು ಸ್ಥಳೀಯ ವೇರಿಯಬಲ್ ಅನ್ನು ನಲ್ ಮಾಡುತ್ತದೆ. ಯಜಮಾನಿಕೆ ಎಲ್ಲಿ ಕೈ ಬದಲಾಯಿತು ಅನ್ನುವುದು ಓದುವವರಿಗೆ ಕಣ್ಣಿಗೆ ಕಾಣುತ್ತದೆ, ಈ ಸೌಲಭ್ಯದಲ್ಲಿ ನನಗೆ ತುಂಬಾ ಇಷ್ಟವಾದ್ದು ಇದೇ.

ಹಂತ 3ರ ಬಗ್ ಇಲ್ಲೂ ಹಾಗೇ ಬರುತ್ತದೆ ಅನ್ನುವುದನ್ನು ಮರೆಯಬೇಡಿ. __ಫ್ರೀ ಗುರುತಿರುವ ವೇರಿಯಬಲ್ ಮೇಲೆಯೇ ಸ್ಟ್ರ್‌ಸೆಪ್ ಓಡಿಸಿದರೆ ಕೊನೆಗೆ ಅದು ನಲ್, ಮೆಮೊರಿ ಲೀಕ್. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕರ್ಸರ್ ಯಾವಾಗಲೂ ಬೇರೆ ಇರಲಿ.

ಹಂತ 9: ಸೋಲಿಸಿ ನೋಡಿ

ಚಿಕ್ಕ ಜಿಎಫ್‌ಪಿ_ಕರ್ನಲ್ ಅಲೋಕೇಶನ್‌ಗಳು ನಿಜ ಬದುಕಿನಲ್ಲಿ ಸೋಲುವುದು ತೀರಾ ಅಪರೂಪ. ಹಾಗಾಗಿ ಎರರ್ ಹಾದಿಗಳು ವರ್ಷಗಟ್ಟಲೆ ಒಮ್ಮೆಯೂ ಓಡಿರುವುದಿಲ್ಲ. ನೀವೇ ಸೋಲಿಸಬೇಕು.

ಫೇಲ್‌ಸ್ಲ್ಯಾಬ್ ಇರುವುದು ಇದಕ್ಕೇ. ಅದರ ಜೊತೆ ಪ್ರೊಕ್ ಫೈಲ್ ಸಿಸ್ಟಮ್‌ನ ಫೇಲ್-ಎನ್ತ್ ಫೈಲ್ ಬಳಸಿ. ಅದಕ್ಕೆ 1 ಬರೆದರೆ ಆ ಟಾಸ್ಕ್‌ನ ಮೊದಲ ಕರೆ ಸೋಲುತ್ತದೆ, 2 ಬರೆದರೆ ಎರಡನೆಯದು. ಪ್ರತಿ ಸಲ ನಿಮ್ಮ ಸಿಸ್‌ಎಫ್‌ಎಸ್ ಸಾಲು ಬರೆದು, ಫೇಲ್-ಎನ್ತ್ ಅನ್ನು ಮತ್ತೆ ಓದಿ. 0 ಬಂದರೆ ಸೋಲು ನಡೆಯಿತು ಅಂತ ಅರ್ಥ. ಧನ ಸಂಖ್ಯೆ ಬಂದರೆ ಅಷ್ಟು ಕರೆಗಳೇ ಆಗಲಿಲ್ಲ, ನಿಮ್ಮ ಎಲ್ಲ ಹಾದಿಯೂ ಮುಗಿಯಿತು. ಒಂದು ಶೆಲ್ ಲೂಪ್ ಸಾಕು. ಆದರೆ ಫೇಲ್‌ಸ್ಲ್ಯಾಬ್‌ನ ಇಗ್ನೋರ್-ಜಿಎಫ್‌ಪಿ-ವೇಟ್ ಸೆಟ್ಟಿಂಗ್ ಮೊದಲೇ ಆನ್ ಆಗಿರುತ್ತದೆ. ಅದನ್ನು ಆಫ್ ಮಾಡದಿದ್ದರೆ ನಿದ್ದೆ ಮಾಡಬಲ್ಲ ಅಲೋಕೇಶನ್‌ಗಳು, ಅಂದರೆ ನಿಮ್ಮ ಕೆಸ್ಟ್ರ್‌ಡಪ್ ಕೂಡ, ಸೋಲುವುದೇ ಇಲ್ಲ.

ಇದನ್ನೆಲ್ಲ ಕೇಸಾನ್ ಆನ್ ಮಾಡಿದ ಕರ್ನಲ್ ಮೇಲೆ ಓಡಿಸಿ. ಬಫರ್ ದಾಟಿ ಓದಿದ್ದು, ಫ್ರೀ ಆದ ಮೇಲೆ ಮುಟ್ಟಿದ್ದು, ಬ್ಲಾಕ್ ನಡುವಿನ ವಿಳಾಸ ಫ್ರೀ ಮಾಡಿದ್ದು, ಮೂರನ್ನೂ ಅದು ಸ್ಟ್ಯಾಕ್ ಟ್ರೇಸ್ ಸಮೇತ ಹಿಡಿಯುತ್ತದೆ. ಲೀಕ್ ಹಿಡಿಯುವುದು ಅದರ ಕೆಲಸ ಅಲ್ಲ, ಅದಕ್ಕೆ ಕೆಮೆಮ್‌ಲೀಕ್ ಬೇಕು. ಡೀಬಗ್‌ಎಫ್‌ಎಸ್‌ನಲ್ಲಿರುವ ಅದರ ಫೈಲಿಗೆ ಮೊದಲು ಕ್ಲಿಯರ್ ಅಂತ ಬರೆದು, ನಿಮ್ಮ ಲೂಪ್ ಸಾವಿರಾರು ಸಲ ಓಡಿಸಿ, ಆಮೇಲೆ ಸ್ಕ್ಯಾನ್ ಅಂತ ಬರೆದು ಓದಿ. ಒಂದೇ ಸಲ ಓಡಿಸಿದರೆ ಹಳೆಯ ಪಾಯಿಂಟರ್ ಯಾವುದೋ ಸ್ಟ್ಯಾಕ್‌ನಲ್ಲಿ ಉಳಿದು ಲೀಕ್ ಮರೆಯಾಗಬಹುದು. ಅಟಾಮಿಕ್ ಸಂದರ್ಭದಲ್ಲಿ (ಸ್ಪಿನ್‌ಲಾಕ್ ಹಿಡಿದಿರುವಾಗಿನಂತೆ ನಿದ್ದೆ ಮಾಡಬಾರದ ಕಡೆ) ನಿದ್ದೆ ಮಾಡಿದರೆ ಹೇಳುವ ಡೀಬಗ್ ಆಯ್ಕೆಯನ್ನೂ ಆನ್ ಇಡಿ. ಹಂತ 7ರಲ್ಲಿ ಏನಾದರೂ ಲಾಕ್ ಒಳಗೇ ಉಳಿದುಹೋಗಿದ್ದರೆ ಅದು ಕೂಗುತ್ತದೆ.

ಹಂತ 10: ಪ್ಯಾಚ್ ಸರಣಿ

ಒಂದು ಪ್ಯಾಚ್, ಒಂದು ಬದಲಾವಣೆ. ನಮ್ಮ ಉದಾಹರಣೆಗೆ ನಾನು ಹೀಗೆ ಜೋಡಿಸುತ್ತೇನೆ. ಮೊದಲು ಎರರ್ ಹಾದಿಯ ಆ ಲೀಕ್‌ಗೆ ಒಂದೆರಡು ಸಾಲಿನ ಸರಿಪಡಿಕೆ. ಹಳೆಯ ಸ್ಥಿರ ಆವೃತ್ತಿಗಳಿಗೂ ಹೋಗಬೇಕಾದ್ದು ಇದೊಂದೇ, ಆದ್ದರಿಂದ ರಿಫ್ಯಾಕ್ಟರ್ ಮೇಲೆ ಇದು ಅವಲಂಬಿಸಿರಬಾರದು. ಬಗ್ ತಂದ ಕಾಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರ ಹಾಕಿ ಫಿಕ್ಸೆಸ್ ಟ್ಯಾಗ್ ಬರೆಯಿರಿ. ಆಮೇಲೆ ಪಾರ್ಸರ್ ಬೇರ್ಪಡಿಸುವುದು, ಟೆಸ್ಟ್ ಸೇರಿಸುವುದು, ಸ್ಟ್ರ್‌ಸೆಪ್‌ಗೆ ಬದಲಿಸುವುದು, ಲಾಕ್ ಹೊರಗೆ ತರುವುದು, ಕ್ಲೀನಪ್ ಗುರುತು ಹಾಕುವುದು. ಸಂಖ್ಯೆಯ ಬಿಗಿ ಪರೀಕ್ಷೆ ಕೊನೆಯಲ್ಲಿ ಬರಲಿ. ಮೇಂಟೇನರ್ ಅದೊಂದನ್ನು ಬೇಡ ಅಂದರೂ ಉಳಿದದ್ದು ನಿಲ್ಲುತ್ತದೆ.

ಪ್ರತಿ ಪ್ಯಾಚ್ ಆದ ಮೇಲೂ ಕರ್ನಲ್ ಬಿಲ್ಡ್ ಆಗಬೇಕು, ಟೆಸ್ಟ್ ಪಾಸ್ ಆಗಬೇಕು. ಇಲ್ಲದಿದ್ದರೆ ಮುಂದೆ ಬಗ್ ತಂದ ಕಾಮಿಟ್ ಹುಡುಕಲು ಬೈಸೆಕ್ಟ್ ಮಾಡುವವರು ನಿಮ್ಮ ಸರಣಿಯ ನಡುವೆ ಸಿಕ್ಕಿಕೊಳ್ಳುತ್ತಾರೆ. ಗಿಟ್ ರೀಬೇಸ್‌ನ ಎಕ್ಸೆಕ್ ಆಯ್ಕೆ ಇದನ್ನು ತಾನೇ ನಡೆಸಿಕೊಡುತ್ತದೆ. ಕೋಡ್ ಶೈಲಿ ನೋಡುವ ಚೆಕ್‌ಪ್ಯಾಚ್ ಓಡಿಸಿ. ಕೋಡ್‌ನಲ್ಲಿ ಮಾದರಿಗಳನ್ನು ಹುಡುಕುವ ಕಾಕ್ಸಿನೆಲ್ ಕೂಡ ಓಡಿಸಿ. ಕೆಮ್ಯಾಲಾಕ್ ಮತ್ತು ಸ್ಟ್ರ್‌ಸಿಪಿವೈ ಜೋಡಿಯನ್ನು ಕೆಸ್ಟ್ರ್‌ಡಪ್ ಮಾಡಬಹುದಾದ ಜಾಗಗಳನ್ನು ಹುಡುಕುವ ಸ್ಕ್ರಿಪ್ಟ್ ಕರ್ನಲ್ ಮರದಲ್ಲೇ ಇದೆ, ನಿಮ್ಮ ಡ್ರೈವರ್‌ನಲ್ಲಿ ಬಿಟ್ಟುಹೋದದ್ದು ಇದ್ದರೆ ತೋರಿಸುತ್ತದೆ. ಆದರೆ ಅದು ತೋರಿಸಿದ ಬೇರೆ ಡ್ರೈವರ್‌ಗಳ ಜಾಗಗಳನ್ನು ಇದೇ ಸರಣಿಗೆ ಸೇರಿಸಬೇಡಿ.

ಕಳಿಸಬೇಕಾದವರ ಪಟ್ಟಿಯನ್ನು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಕೊಡುತ್ತದೆ. ಎರಡನೇ ಆವೃತ್ತಿ ಕಳಿಸುವಾಗ ಗಿಟ್ ರೇಂಜ್-ಡಿಫ್ ಫಲಿತಾಂಶವನ್ನು ಕವರ್ ಲೆಟರ್‌ನಲ್ಲಿ ಹಾಕಿದರೆ ರಿವ್ಯೂ ಮಾಡುವವರಿಗೆ ಏನು ಬದಲಾಯಿತು ಅಂತ ಹುಡುಕುವ ಕೆಲಸ ತಪ್ಪುತ್ತದೆ. ಸಿಸ್‌ಎಫ್‌ಎಸ್ ಫೈಲ್ ಒಪ್ಪುವ ಸಾಲಿನಲ್ಲಿ ಏನಾದರೂ ಬದಲಾಗಿದ್ದರೆ ಡಾಕ್ಯುಮೆಂಟೇಶನ್ ಡೈರೆಕ್ಟರಿಯ ಎಬಿಐ ವಿಭಾಗದಲ್ಲಿರುವ ಅದರ ವಿವರಣೆಯನ್ನೂ, ಆ ಬದಲಾವಣೆ ಇರುವ ಅದೇ ಪ್ಯಾಚ್‌ನಲ್ಲಿ ತಿದ್ದಿ.